ಮಗಳಿಗೊಂದು ಪತ್ರ: ಲಾಗ್ ಪುಸ್ತಕದಲ್ಲಿ ಬಂದ ಹೆಸರು

ಚಿರಂಜೀವಿ ಮಗಳಿಗೆ ಬೆಳಗಾವಿಯಿಂದ ಅಪ್ಪನ ಆಶೀರ್ವಾದಗಳು.

ವಾಯುಪಡೆಯ ನಿಯಂತ್ರಣ ಟವರ್‌ನಲ್ಲಿ ನಿನ್ನ ಕೈಕೆಳಗಿನ ಸಾರ್ಜೆಂಟ್‌ನ ಪರವಾಗಿ ನೀನು ವಿಚಾರಣೆಯಲ್ಲಿ ಕೊಟ್ಟ ಹೇಳಿಕೆಯ ವಿಷಯ ನಿನ್ನೆ ಫೋನಿನಲ್ಲಿ ತಿಳಿಸಿದಾಗ ನಾನು ಮೊದಲು ಕೇಳಿದ್ದು ನಿನ್ನ ಗೌಪ್ಯ ವರದಿಯ ಬಗ್ಗೆ. ನೀನು ಫೋನ್ ಇಟ್ಟುಬಿಟ್ಟೆ. ಸಿಟ್ಟಿಲ್ಲ. ಆದರೆ ಪ್ರಶ್ನೆಯನ್ನು ಹಿಂತೆಗೆದುಕೊಳ್ಳುವುದೂ ಇಲ್ಲ. ನಿವೃತ್ತಿಯವರೆಗೆ ಅಧಿಕಾರಿಯಾಗಿ ಉಳಿಸುವ ಕಾಯಂ ಕಮಿಷನ್ ಇನ್ನೂ ಕೈಗೆ ಬಂದಿಲ್ಲ. ನನ್ನಂಥ ಏರ್‌ಮನ್‌ಗೆ, ಅಂದರೆ ಅಧಿಕಾರಿಯಲ್ಲದ ಸಿಬ್ಬಂದಿಗೆ, 15 ವರ್ಷದ ಸೇವೆಗೆ ಪಿಂಚಣಿ. ಅಧಿಕಾರಿಗೆ 20 ಬೇಕು. ಹೆತ್ತವನು ಲೆಕ್ಕ ಹಾಕದೆ ಇರಲಾರ.

ಸಾಂಬ್ರಾದ ತರಬೇತಿ ಶಾಲೆಯಲ್ಲಿ ನಾನು ಪಟ್ಟ ಪಾಡು, ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ನಿನ್ನ ಕವಾಯತಿನ ದಿನ, ಅವೆಲ್ಲ ಇಬ್ಬರಿಗೂ ಗೊತ್ತು, ಬಿಡು. ಗೊತ್ತಿಲ್ಲದ್ದು ಒಂದಿದೆ.

ನಾನಾಗ ಕಾರ್ಪೊರಲ್. ತರಬೇತಿ ನೆಲೆ, ಕಿರಣ್ ವಿಮಾನಗಳು. ರನ್‌ವೇ ತುದಿಯಲ್ಲಿ ಗೂಡಂಗಡಿಯಷ್ಟು ದೊಡ್ಡ ಕ್ಯಾಬಿನ್. ದುರ್ಬೀನು, ಟವರ್‌ಗೆ ಒಂದು ಫೋನು, ಎಚ್ಚರಿಕೆಯ ಬೆಳಕು ಹಾರಿಸಲು ಕೆಂಪು ಗುಂಡು ತುಂಬಿದ ವೆರಿ ಪಿಸ್ತೂಲು. ಇಳಿಯುವ ಪ್ರತಿ ವಿಮಾನದ ಹೊಟ್ಟೆ ನೋಡುವುದು ನನ್ನ ಕೆಲಸ: ಚಕ್ರ ಹೊರಗಿದೆಯೋ ಇಲ್ಲವೋ. ಒಬ್ಬ ಕೆಡೆಟ್ 'ತ್ರೀ ಗ್ರೀನ್ಸ್', ಅಂದರೆ ಮೂರೂ ಚಕ್ರಗಳ ಹಸಿರು ದೀಪ ಹೊತ್ತಿವೆ, ಎಂದು ಹೇಳಿಕೊಂಡೇ ಬಂದ. ಬಾಯಿಪಾಠ. ದುರ್ಬೀನಿನಲ್ಲಿ ಹೊಟ್ಟೆ ನುಣ್ಣಗಿತ್ತು. ಕಣ್ಣು ಉಜ್ಜಿ ಮತ್ತೆ ನೋಡಿದೆ, ನುಣ್ಣಗೇ ಇತ್ತು. ಪಿಸ್ತೂಲು ಹಾರಿಸಿದೆ. ಎಂಜಿನ್ ಅಬ್ಬರಿಸಿತು, ವಿಮಾನ ನನ್ನ ತಲೆಯ ಮೇಲಿಂದ ಮೇಲೇರಿತು, ಕ್ಯಾಬಿನ್ ತುಂಬ ಮದ್ದಿನ ವಾಸನೆ.

ನಾನು ಹೇಳಹೊರಟಿದ್ದು ಅದಲ್ಲ. ಸಂಜೆ ಮುಖ್ಯ ಬೋಧಕರು ಕೇಳಿದಾಗ ನಮ್ಮ ಟವರ್ ಅಧಿಕಾರಿ 'ಟವರ್ ಗಮನಿಸಿತು' ಎನ್ನಬಹುದಿತ್ತು, ಯಾರೂ ಪ್ರಶ್ನಿಸುತ್ತಿರಲಿಲ್ಲ. ಅವರು ಲಾಗ್ ಪುಸ್ತಕ ತೆರೆದು ತೋರಿಸಿದರು. ಸಮಯ, ವಿಮಾನದ ಸಂಖ್ಯೆ, ಅದರ ಮುಂದೆ ನನ್ನ ಹೆಸರು. ಕಾಗುಣಿತ ತಪ್ಪಿತ್ತು, ಇರಲಿ. ಆಮೇಲೆ ಆ ಅಧಿಕಾರಿಯ ಪಾಳಿಗೆ ನಮ್ಮಲ್ಲಿ ಒಬ್ಬನೂ ತಡವಾಗಿ ಬಂದದ್ದಿಲ್ಲ. ಜ್ವರವಿದ್ದರೂ ಬರುತ್ತಿದ್ದೆವು, ಅದು ಸರಿಯಲ್ಲದಿದ್ದರೂ. ನಿಷ್ಠೆಯ ಬಗ್ಗೆ ಗೋಡೆಗೆ ಬರೆದ ಘೋಷಣೆ ಓದಿ ಬಂದ ನಿಯತ್ತಲ್ಲ ಅದು. ನಿನ್ನೆ ಆ ಪುಟ ಮತ್ತೆ ಕಣ್ಣ ಮುಂದೆ ಬಂತು: ನೀಲಿ ಶಾಯಿ, ಬಲಕ್ಕೆ ವಾಲಿದ ಅಕ್ಷರ.

ಈಗ ನಿನ್ನ ಸಾರ್ಜೆಂಟ್. ವಿಮಾನ ಇಳಿಯುವ ಹೊತ್ತಿಗೆ ರನ್‌ವೇ ಮೇಲೆ ಜೀಪು ಇತ್ತು, ಅವನು ತಡವಾಗಿ ನೋಡಿದ, ನಿಜ. ರಾತ್ರಿ ಪಾಳಿಯ ಬೆನ್ನಿಗೇ ಇನ್ನೊಂದು ಪಾಳಿಗೆ ಅವನನ್ನು ಕೂರಿಸಿದ್ದರು ಎಂದು ನೀನು ಬರೆದುಕೊಟ್ಟದ್ದೂ ನಿಜ. ಟವರ್‌ನ ಟೇಪಿನಲ್ಲಿ ಮಾತು ಉಳಿಯುತ್ತದೆ, ನಿದ್ದೆಗೆಟ್ಟ ಕಣ್ಣು ಉಳಿಯುವುದಿಲ್ಲ. ಅದನ್ನು ಯಾರಾದರೂ ಹೇಳಲೇಬೇಕು. ನಾಗರಿಕ ವಿಮಾನ ನಿಲ್ದಾಣದ ನಿಯಂತ್ರಕರಿಗೆ ಗಿಲ್ಡ್ ಎಂಬ ಸಂಘವಿದೆ. ಸಮವಸ್ತ್ರದವರಿಗೆ ಸಂಘ ಕಟ್ಟುವಂತಿಲ್ಲ, ಸಂವಿಧಾನದ 33ನೇ ವಿಧಿಯೇ ಆ ನಿರ್ಬಂಧಕ್ಕೆ ಅವಕಾಶ ಕೊಟ್ಟಿದೆ. ಹಾಗಾಗಿ ಏರ್‌ಮನ್‌ಗೆ ಇರುವ ಸಂಘವೆಂದರೆ ಅವನ ಅಧಿಕಾರಿಯ ಬಾಯಿ.

ಹೆಮ್ಮೆಯಿದೆ. ಭಯವೂ ಇದೆ. 2019ರ ಫೆಬ್ರುವರಿ 27ರಂದು ಪಾಕಿಸ್ತಾನದ ವಿಮಾನಗಳು ಬಂದಾಗ ರಡಾರ್ ಪರದೆಯ ಮುಂದೆ ಕುಳಿತು ನಮ್ಮ ಯುದ್ಧ ವಿಮಾನಗಳನ್ನು ನಡೆಸಿದ ಹೆಣ್ಣುಮಗಳಿಗೆ ಯುದ್ಧ ಸೇವಾ ಪದಕ ಬಂತು. ಅದೇ ಬೆಳಿಗ್ಗೆ ಬುದ್ಗಾಮ್‌ನಲ್ಲಿ ನಮ್ಮದೇ ಕ್ಷಿಪಣಿಗೆ ನಮ್ಮ ಎಂಐ-17 ಹೆಲಿಕಾಪ್ಟರ್ ಉರುಳಿತು. ಒಳಗಿದ್ದ ಆರು ಮಂದಿ, ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ನಿನ್ನ ವೃತ್ತಿಯಲ್ಲಿ ಪದಕಕ್ಕೂ ವಿಚಾರಣೆಗೂ ನಡುವೆ ಎಷ್ಟು ಅಂತರ ಎಂದು ಆ ವರ್ಷವಿಡೀ ಯೋಚಿಸಿದ್ದೇನೆ.

ಆದ್ದರಿಂದ ಕೇಳು. ಹೇಳಿಕೆಯ ಪ್ರತಿ ನಿನ್ನ ಬಳಿ ಇರಲಿ. ಪಾಳಿ ಪಟ್ಟಿಯನ್ನು ದಾಖಲೆಗೆ ಸೇರಿಸುವಂತೆ ಲಿಖಿತವಾಗಿ ಕೇಳು. ಮೆಸ್ಸಿನಲ್ಲಿ ಈ ಮಾತು ಎತ್ತಬೇಡ. ಮುಖ ತಿರುಗಿಸಿದ ಹಿರಿಯರಿಗೆ ಎಂದಿನಂತೆ ಸೆಲ್ಯೂಟ್ ಹೊಡಿ. ಹೊಟ್ಟೆ ತುಂಬ ಊಟ ಮಾಡು. ಉಪದೇಶ ಹೆಚ್ಚಾಯಿತೆಂದು ಗೊತ್ತು.

ಕೆಲಸ ಬಿಡುವ ಮಾತು ಬೇರೆ. ಬಿಡುವುದಾದರೆ ಬಿಡು, ಮನೆಯಿದೆ. ಆದರೆ ಆ ಸಾರ್ಜೆಂಟ್‌ನ ವಿಚಾರಣೆ ಮುಗಿಯುವ ತನಕ ಅಲ್ಲಿಂದ ಕದಲಬೇಡ.

ನಿನ್ನ ಅವ್ವನಿಗೆ ಏನೂ ಹೇಳಿಲ್ಲ. ವರ್ಗಾವಣೆ ಆಗಬಹುದು ಎಂದಷ್ಟೇ ಅಂದಿದ್ದೇನೆ. ಭಾನುವಾರ ಮಾತಾಡುವಾಗ ನೀನೂ ಅಷ್ಟನ್ನೇ ಹೇಳು.

ನಿನ್ನ ಅಪ್ಪ