ಶನಿವಾರದ ಆಟಕ್ಕೆ ಹೊಸ ಹುಡುಗ ಬರುತ್ತಿದ್ದಾನೆ
ಎಲ್ಲರಿಗೂ ನಮಸ್ಕಾರ. ಈ ಶನಿವಾರ ನಾನು ಆನ್‌ಲೈನ್‌ನಲ್ಲಿ ನಡೆಸುವ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಮುಂದುವರಿಸುವ) ಆಟಕ್ಕೆ 14 ವರ್ಷದ ಹುಡುಗನೊಬ್ಬ ಸೇರುತ್ತಿದ್ದಾನೆ. ಮನೆಯವರು ಒಪ್ಪಿದ್ದಾರೆ. ಅವನಿಗೆ ಇದೇ ಮೊದಲ ಆಟ.

1ನೇ ಲೆವೆಲ್‌ನ ಫೈಟರ್, ಅಂದರೆ ಆಯುಧ ಹಿಡಿದು ಹೋರಾಡುವ ಯೋಧನ ಪಾತ್ರ ಮಾಡಿಕೊಟ್ಟಿದ್ದೇನೆ. ಮಂತ್ರಗಳ ಪಟ್ಟಿ ನೆನಪಿಡುವ ತಲೆನೋವು ಇರುವುದಿಲ್ಲ. 20 ಮುಖದ ದಾಳ ಉರುಳಿಸು, ಬಂದ ಸಂಖ್ಯೆಗೆ ಪಾತ್ರದ ಹಾಳೆಯಲ್ಲಿರುವ ಅಂಕ ಕೂಡಿಸು, ಮೊತ್ತ ಎದುರಾಳಿಯ ಆರ್ಮರ್ ಕ್ಲಾಸ್ (ಏಟು ತಾಗಲು ಬೇಕಾದ ಅಂಕ) ಮುಟ್ಟಿದರೆ ಏಟು ಬಿತ್ತು. ಇಷ್ಟೇ ಹೇಳಿಕೊಟ್ಟಿದ್ದೇನೆ. ಉಳಿದದ್ದು ಆಡುತ್ತಾ ಬರುತ್ತದೆ. ನಮಗೂ ಹಾಗೇ ಬಂದಿದ್ದು, ಅಲ್ವಾ?

ಅವನ ಸರದಿಯಲ್ಲಿ "ಹೀಗೆ ಮಾಡು" ಅಂತ ಯಾರೂ ಹೇಳಬೇಡಿ. ತಪ್ಪು ಬಾಗಿಲು ತೆರೆದರೆ ತೆರೆಯಲಿ, ಒಳಗೇನಿದೆ ಅಂತ ನಾನು ನೋಡಿಕೊಳ್ಳುತ್ತೇನೆ! ಮೈಕ್‌ನಲ್ಲಿ ಮಾತಾಡಲು ಸಂಕೋಚವಾದರೆ ಟೈಪ್ ಮಾಡಿ ಆಡಲಿ. ರಕ್ತಪಾತದ ವರ್ಣನೆ ನಾನೂ ಕಡಿಮೆ ಮಾಡುತ್ತೇನೆ. ಅವನಿಗೆ ಖಾಸಗಿ ಮೆಸೇಜ್ ಬೇಡ, ಮಾತೆಲ್ಲ ಗುಂಪಿನಲ್ಲೇ ಇರಲಿ.