‘ಪ್ಲಾಸ್ಮಾದಿಂದ ಕ್ಯಾನ್ಸರ್ ವಾಸಿ’ ಮೆಸೇಜ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ‘ಪ್ಲಾಸ್ಮಾದಿಂದ ಕ್ಯಾನ್ಸರ್ ವಾಸಿಯಾಗುತ್ತದೆ’ ಎಂದು ನಿನ್ನೆಯಿಂದ ಓಡಾಡುತ್ತಿರುವ ಮೆಸೇಜನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.

ಅದರಲ್ಲಿ ಹೇಳಿರುವುದು ಕೋವಿಡ್ ಸಮಯದಲ್ಲಿ ದಾನ ಕೊಡುತ್ತಿದ್ದ ರಕ್ತದ ಪ್ಲಾಸ್ಮಾ ಅಲ್ಲ, ದಾನಿಗಳನ್ನು ಹುಡುಕಲು ಹೋಗಬೇಡಿ. ಹೀಲಿಯಂ, ಆರ್ಗಾನ್‌ನಂಥ ಅನಿಲಕ್ಕೆ ವಿದ್ಯುತ್ ಹಾಯಿಸಿದಾಗ ಪೆನ್ನಿನಂಥ ಸಾಧನದ ತುದಿಯಲ್ಲಿ ನೇರಳೆ ಬಣ್ಣದ ಸಣ್ಣ ಜ್ವಾಲೆಯ ಹಾಗೆ ಹೊಮ್ಮುವುದೇ ಕೋಲ್ಡ್ ಪ್ಲಾಸ್ಮಾ. ಚರ್ಮಕ್ಕೆ ತಾಗಿದರೂ ಸುಡದಷ್ಟು ತಣ್ಣಗಿರುತ್ತದೆ. ಜರ್ಮನಿಯಲ್ಲಿ ಮಾಯದ ಗಾಯಗಳಿಗೆ ಬಳಸುತ್ತಾರೆ.

ಸುದ್ದಿ ಪೂರ್ತಿ ಸುಳ್ಳಲ್ಲ. 2020ರಲ್ಲಿ ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಸಂಶೋಧಕರು ಚರ್ಮದ ಕ್ಯಾನ್ಸರ್ (ಮೆಲನೋಮ) ಇದ್ದ ಇಲಿಗಳಿಗೆ ಟೊಳ್ಳು ಸೂಜಿಗಳ ಪುಟ್ಟ ಪಟ್ಟಿ ಅಂಟಿಸಿ, ಅದರ ಮೂಲಕ ಗಡ್ಡೆಗೆ ಪ್ಲಾಸ್ಮಾ ಹಾಯಿಸಿದರು. ಪ್ಲಾಸ್ಮಾ ತಾಗಿ ಸಾಯುವ ಕ್ಯಾನ್ಸರ್ ಕಣಗಳು (ಜೀವಕೋಶಗಳು) ತಮ್ಮ ಗುರುತನ್ನು ಹೊರಹಾಕುತ್ತವೆ. ದೇಹದ ಕಾವಲುಗಾರರಂಥ ಡೆಂಡ್ರಿಟಿಕ್ ಕಣಗಳು ಅದನ್ನು ಹೆಕ್ಕಿ, ಕ್ಯಾನ್ಸರ್ ಮೇಲೆ ದಾಳಿ ಮಾಡುವ ಟಿ ಕಣಗಳಿಗೆ ತೋರಿಸುತ್ತವೆ. ಟಿ ಕಣಗಳನ್ನು ಕಟ್ಟಿಹಾಕುವ ಪಿಡಿ-ಎಲ್1 ಎಂಬ ಪ್ರೋಟೀನನ್ನು ತಡೆಯುವ ಔಷಧವೂ ಅದೇ ಪಟ್ಟಿಯಲ್ಲಿತ್ತು, ಅದು ಆ ಕಟ್ಟು ಬಿಚ್ಚುತ್ತದೆ. ಪ್ಲಾಸ್ಮಾ ತಾಗದೆ ದೂರದಲ್ಲಿದ್ದ ಗಡ್ಡೆಯ ಬೆಳವಣಿಗೆಯೂ ಕುಗ್ಗಿತು! ಆ ಸಾಲನ್ನು ನಾನು ಎರಡೆರಡು ಸಲ ಓದಿದೆ, ಅಷ್ಟು ಆಸೆ ಹುಟ್ಟಿತು.

ಆದರೆ ಅವು ಇಲಿಗಳು. ಮನುಷ್ಯರಲ್ಲಿ ಇನ್ನೂ ಸಣ್ಣ ಪ್ರಯೋಗಗಳ ಹಂತ. ಒಬ್ಬರು ಅಕ್ಕ ನನಗೆ ಪ್ರತ್ಯೇಕವಾಗಿ ಬರೆದು, ಇದಕ್ಕಾಗಿ ಯಜಮಾನರ ಕೀಮೊ ಮುಂದೂಡಲೇ ಎಂದು ಕೇಳಿದ್ದಾರೆ. ಬೇಡ ಅಕ್ಕ, ದಯವಿಟ್ಟು ಬೇಡ. ಕೀಮೊ, ರೇಡಿಯೇಶನ್ ತಾರೀಖು ಯಾರೂ ತಪ್ಪಿಸಬೇಡಿ. ಈ ಚಿಕಿತ್ಸೆಗೆ ದುಡ್ಡು ಕಟ್ಟಿ ಎಂದು ಯಾರಾದರೂ ಫೋನ್ ಮಾಡಿದರೆ ಕಟ್ಟುವ ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ, ಗುಂಪಿಗೂ ತಿಳಿಸಿ.