ಗಾಲ್ಫ್ ಪ್ಯಾಕೇಜಿನ ಸಣ್ಣ ಅಕ್ಷರಗಳು

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುಟದಲ್ಲಿ ಥಾಯ್ಲೆಂಡಿನ ಹುವಾ ಹಿನ್ ಬಗ್ಗೆ ಬಂದ ಬರಹ ಓದಿದೆ. ಕಡಲು, ಮರಳು, ರಾತ್ರಿ ಸಂತೆ ಎಲ್ಲ ಚೆನ್ನಾಗಿತ್ತು. ಗಾಲ್ಫ್‌ಗೆ ಮಾತ್ರ ಸಿಕ್ಕಿದ್ದು ಒಂದೇ ಸಾಲು: ‘ಆಕರ್ಷಕ ಗಾಲ್ಫ್ ಪ್ಯಾಕೇಜ್‌ಗಳು ಲಭ್ಯ’. ಹಣ ಹೋಗುವುದೇ ಆ ಸಾಲಿನಲ್ಲಿ, ಹಾಗಾಗಿ ಈ ಪತ್ರ.

ನಾನು ನಿವೃತ್ತಿಯ ನಂತರ ಗಾಲ್ಫ್ ಹಿಡಿದವಳು. ಮೈಸೂರಿನ ರೇಸ್‌ಕೋರ್ಸ್ ಅಂಗಳದ ಗಾಲ್ಫ್ ಕೋರ್ಸಿನಲ್ಲಿ (ಮೈದಾನದಲ್ಲಿ) ಆಡುತ್ತೇನೆ. ಬ್ಯಾಂಕಿನಲ್ಲಿ ಸಾಲದ ಕಾಗದ ಓದೀ ಓದೀ, ಸಣ್ಣ ಅಕ್ಷರ ಕಂಡರೆ ಕನ್ನಡಕ ಹುಡುಕುವ ಚಾಳಿ ಇನ್ನೂ ಹೋಗಿಲ್ಲ. ನಮ್ಮ ಗುಂಪಿಗೆ ಪ್ಯಾಕೇಜ್ ಆರಿಸುವ ಕೆಲಸ ಅದಕ್ಕೇ ನನ್ನ ತಲೆಗೆ ಬಂತು.

ಮೊದಲು ಬಂದ ಕೊಟೇಶನ್ ನೋಡಲು ಚೆಂದವಿತ್ತು. ಐದು ರಾತ್ರಿ, ನಾಲ್ಕು ರೌಂಡ್ ಆಟ, ಸಮುದ್ರಕ್ಕೆ ಮುಖ ಮಾಡಿದ ಕೋಣೆ. ಕೆಳಗೆ ಓದಿದರೆ ‘ಬ್ಲ್ಯಾಕ್ ಮೌಂಟನ್ ಅಥವಾ ಅದೇ ದರ್ಜೆಯ ಕೋರ್ಸ್’. ಈ ‘ಅಥವಾ’ ಇದೆಯಲ್ಲ, ಅದೇ ತಂಟೆ. ಬ್ಲ್ಯಾಕ್ ಮೌಂಟನ್‌ನಲ್ಲಿ 2015ರಲ್ಲಿ ವೃತ್ತಿಪರ ಆಟಗಾರರ ಯುರೋಪಿಯನ್ ಟೂರ್ ಪಂದ್ಯ ನಡೆದಿದೆ. ಅದರ ಹೆಸರಲ್ಲಿ ದರ ಹಾಕಿ ಬೇರೆಲ್ಲೋ ಆಡಿಸಿದರೆ ಕೇಳುವವರು ಯಾರು? ಅದೇ ದರ್ಜೆ ಅಂತ ತೀರ್ಮಾನಿಸುವವರೂ ಅವರೇ! ದಿನ, ಕೋರ್ಸಿನ ಹೆಸರು, ಟೀ ಟೈಮ್ (ಆಟ ಶುರುವಾಗುವ ಹೊತ್ತು) ಮೂರನ್ನೂ ಬರೆದು ಕಳಿಸಿ ಅಂದೆ. ಆ ಏಜೆಂಟರು ‘ಕಳಿಸ್ತೀನಿ ಮೇಡಂ’ ಅಂದವರು ಆಮೇಲೆ ಫೋನೇ ಎತ್ತಲಿಲ್ಲ. ಬರೆದುಕೊಟ್ಟ ಇನ್ನೊಬ್ಬರ ದರ ಸ್ವಲ್ಪ ಜಾಸ್ತಿ ಇತ್ತು. ನಾವು ಅವರ ಹತ್ತಿರವೇ ಹೋದೆವು.

ಸಮುದ್ರದ ವಿಷಯಕ್ಕೆ ಬರುತ್ತೇನೆ. ಕಡಲ ತೀರದ ಗಾಲ್ಫ್ ಎಂದರೆ ಅಲೆಯ ಪಕ್ಕದಲ್ಲೇ ಆಟ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಹುವಾ ಹಿನ್‌ನ ದೊಡ್ಡ ಹೆಸರಿನ ಕೋರ್ಸುಗಳು ಹೆಚ್ಚಿನವು ಒಳನಾಡಿನಲ್ಲಿ, ಗುಡ್ಡಗಳ ಕಡೆಗಿವೆ. ನೀರಿನ ಪಕ್ಕದಲ್ಲಿ ಆಡಲೇಬೇಕೆಂದರೆ ಸೈನ್ಯದವರ ಸೀ ಪೈನ್ಸ್ ಇದೆ, ಅದನ್ನು ಹೆಸರು ಹೇಳಿ ಕೇಳಬೇಕು. ನನಗೆ ಹಿಡಿಸಿದ್ದು ರೈಲು ನಿಲ್ದಾಣದ ಬೆನ್ನಿಗಿರುವ ಹಳೆಯ ರಾಯಲ್ ಹುವಾ ಹಿನ್. ರೈಲ್ವೆಯವರು 1923ರಲ್ಲಿ ಕಡಲ ದಂಡೆಯಲ್ಲಿ ಹೋಟೆಲ್ ಕಟ್ಟಿದರು, ಮರುವರ್ಷ ಈ ಕೋರ್ಸ್ ತೆರೆಯಿತು. ರೈಲು, ರೂಮು, ಆಟ ಒಟ್ಟಿಗೆ ಮಾರುವ ಉಪಾಯಕ್ಕೆ ನೂರು ವರ್ಷವಾಯಿತು ನೋಡಿ. (1876ರ ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಇದಕ್ಕಿಂತ ಹಿರಿಯದು. ಆದರೆ ಅದರ ಹತ್ತಿರ ಸಮುದ್ರವಿಲ್ಲ, ಏನು ಮಾಡೋಣ.)

ಖರ್ಚಿನ ಲೆಕ್ಕ. ಅಲ್ಲಿ ಆಟಗಾರನಿಗೊಬ್ಬರಂತೆ ಕ್ಯಾಡಿ (ಬ್ಯಾಗ್ ನೋಡಿಕೊಂಡು ಆಟಕ್ಕೆ ನೆರವಾಗುವವರು) ಕಡ್ಡಾಯ. ಬಹುತೇಕ ಹೆಂಗಸರೇ, ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲು) ಓದುವುದರಲ್ಲಿ ಗಟ್ಟಿಗಿತ್ತಿಯರು. ಕ್ಯಾಡಿ ಶುಲ್ಕ ಪ್ಯಾಕೇಜಿನಲ್ಲಿ ಇದ್ದರೂ ಇರಬಹುದು, ಟಿಪ್ಸ್ ಇರುವುದಿಲ್ಲ. ರೌಂಡಿಗೆ 300-400 ಬಾತ್ (ಅಲ್ಲಿನ ಹಣ) ಕೊಡುವುದು ವಾಡಿಕೆ, ಅವರ ದುಡಿಮೆ ನಿಂತಿರುವುದೇ ಅದರ ಮೇಲೆ. ಅಲ್ಲಿ ಚೌಕಾಶಿ ಮಾಡಬೇಡಿ. ಮೈದಾನದಲ್ಲಿ ಓಡಾಡುವ ಕಾರ್ಟ್ ಗಾಡಿಯ ಬಾಡಿಗೆ ಬೇರೆಯೋ ಸೇರಿದೆಯೋ ಕೇಳಿ. ನಾಲ್ಕು ಜನ, ನಾಲ್ಕು ಗಾಲ್ಫ್ ಬ್ಯಾಗ್ ಸಣ್ಣ ಕಾರಿನಲ್ಲಿ ಹಿಡಿಸುವುದಿಲ್ಲ, ವ್ಯಾನ್ ಅಂತಲೇ ಬರೆಸಿ. ಬ್ಯಾಗಿಗೆ ವಿಮಾನದವರು ಕೇಳುವ ದುಡ್ಡನ್ನು ಯಾವ ಏಜೆಂಟರೂ ಹೇಳುವುದಿಲ್ಲ. ವಿದೇಶಿ ಪ್ಯಾಕೇಜಿನ ಮೇಲೆ ಟಿಸಿಎಸ್ (ಮಾರುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿ ಹೊಂದಿಸಿಕೊಳ್ಳಬಹುದು, ರಸೀದಿ ಎಸೆಯಬೇಡಿ.

ನಮ್ಮ ಯಜಮಾನರು ಆಡುವುದಿಲ್ಲ. ಅವರ ಹೆಸರಿಗೂ ಪೂರ್ತಿ ದರವನ್ನೇ ಹಾಕಿದ್ದರು! ಆಡದವರಿಗೆ ಬೇರೆ ದರವಿರುತ್ತದೆ, ನಾವು ಬಾಯಿಬಿಟ್ಟು ಕೇಳಬೇಕು ಅಷ್ಟೇ.

ಇನ್ನು ದಸರಾ ರಜೆಯ ಆಫರ್‌ಗಳು. ಅಕ್ಟೋಬರಿನಲ್ಲಿ ದರ ಯಾಕೆ ಇಳಿಯುತ್ತದೆ ಗೊತ್ತಾ? ಹುವಾ ಹಿನ್‌ಗೆ ಜೋರು ಮಳೆಯ ಕಾಲವೇ ಅದು. ಆಟ ಅರ್ಧಕ್ಕೆ ನಿಂತರೆ ಕೆಲವು ಕಡೆ ಇನ್ನೊಂದು ದಿನಕ್ಕೆ ಚೀಟಿ ಕೊಡುತ್ತಾರೆ. ನಾಳೆ ವಿಮಾನ ಹತ್ತುವವರಿಗೆ ಆ ಚೀಟಿಯಿಂದೇನು? ಮಳೆ ಬಂದರೆ ಹಣ ವಾಪಸ್ಸೋ ಚೀಟಿಯೋ, ಮೊದಲೇ ಬರೆಸಿಕೊಳ್ಳಿ. ಪ್ರವಾಸಿಗಳು ಕಡಿಮೆ ಇರುವ ತಿಂಗಳಲ್ಲಿ ಗ್ರೀನ್‌ಗಳಿಗೆ ತೂತು ಹೊಡೆದು ಮರಳು ಸುರಿಯುವ ರಿಪೇರಿಯೂ ನಡೆಯುತ್ತದೆ. ಆಗ ಪಟ್ ಮಾಡಿದ (ಕುಳಿಯತ್ತ ಮೆಲ್ಲಗೆ ಉರುಳಿಸಿದ) ಚೆಂಡು ಕುಣಿಯುತ್ತಾ ಹೋಗುತ್ತದೆ. ರಿಪೇರಿ ಯಾವತ್ತು ಅಂತ ಕೋರ್ಸಿಗೇ ಮೇಲ್ ಮಾಡಿ, ತಿಳಿಸುತ್ತಾರೆ. ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯದು, ದುಬಾರಿಯೂ ಹೌದು. ವಾರಾಂತ್ಯ ಬಿಡಿ. ಬ್ಯಾಂಕಾಕ್‌ನವರೆಲ್ಲ ಅಲ್ಲೇ ಇರುತ್ತಾರೆ, ಗ್ರೀನ್ ಫೀಯೂ (ಆಡಲು ಕೋರ್ಸಿಗೆ ಕೊಡುವ ಶುಲ್ಕ) ಏರಿರುತ್ತದೆ.

ಮೊದಲ ದಿನ ಆಟ ಇಡಿಸಬೇಡಿ. ಬೆಂಗಳೂರಿನಿಂದ ರಾತ್ರಿ ಹೊರಟು, ನಿದ್ದೆಗೆಟ್ಟು ಬ್ಯಾಂಕಾಕ್‌ನಲ್ಲಿ ಇಳಿದು, ಮತ್ತೆ 200 ಕಿಲೋಮೀಟರ್ ರಸ್ತೆ. ಅದೇ ಮಧ್ಯಾಹ್ನದ ಬಿಸಿಲಿಗೆ 18 ಹೋಲ್ (ಪೂರ್ತಿ ಒಂದು ರೌಂಡ್) ಅಂತ ಆ ಮೊದಲ ಕೊಟೇಶನ್‌ನಲ್ಲಿತ್ತು. ಅದನ್ನು ಬರೆದವರು ಗಾಲ್ಫ್ ಆಡಿದವರಲ್ಲ, ಖಂಡಿತ.

ಸಂಪಾದಕರಲ್ಲಿ ಒಂದು ವಿನಂತಿ. ಇಂಥ ಬರಹ ಹಾಕುವಾಗ ಹೋಟೆಲಿನ ಈಜುಕೊಳದ ಫೋಟೋ ಒಂದು ಕಡಿಮೆ ಮಾಡಿ. ಆ ಜಾಗದಲ್ಲಿ ಗ್ರೀನ್ ಫೀ, ಕ್ಯಾಡಿ ಶುಲ್ಕ, ಕಾರ್ಟ್ ಬಾಡಿಗೆ, ಮಳೆಯ ತಿಂಗಳು ಇಷ್ಟನ್ನು ಒಂದು ಸಣ್ಣ ಚೌಕದಲ್ಲಿ ಕೊಡಿ. ಪಕ್ಕದಲ್ಲೇ ಏಜೆಂಟರ ಜಾಹೀರಾತು ಇದ್ದರೂ ಪರವಾಗಿಲ್ಲ.

– ಓದುಗಿ, ನಿವೃತ್ತ ಬ್ಯಾಂಕ್ ಅಧಿಕಾರಿ
ಕುವೆಂಪುನಗರ, ಮೈಸೂರು